ಬೆನ್ನೊಳಗಿನ ಹಾಳೆ

ಹೇಳಿದವರೆಲ್ಲ ಇಷ್ಟನ್ನು ಮಾತ್ರ ಒಂದೇ ತೆರನಾಗಿ ಹೇಳುತ್ತಾರೆ: ಪುಸ್ತಕಗಳಿಗೆ ಬೈಂಡು ಹಾಕುವವನೊಬ್ಬನಿಗೆ ಇಬ್ಬರು ಹೆಣ್ಣುಮಕ್ಕಳು. ಅವನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬಾರದು. ಪುಟಸಂಖ್ಯೆ ನೋಡಿಯೇ ಹಾಳೆ ಜೋಡಿಸುವನು. ಮೂಲೆ ಹರಿದು ಸಂಖ್ಯೆ ಕಳೆದುಕೊಂಡ ಹಾಳೆ ಎಲ್ಲಿಯದೆಂದು ತಿಳಿಯದಿದ್ದರೆ, ಎಸೆಯದೆ, ಪಟ್ಟಿಯಾಗಿ ಸೀಳಿ, ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಒಳಗೆ ಅಂಟಿಸಿಬಿಡುವನು.

ದೊಡ್ಡ ಮಗಳು ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದಳು. ರಿಪೇರಿಗೆ ಬಂದ ಪುಸ್ತಕಗಳನ್ನು ಒಂಬತ್ತು ವರ್ಷದ ತಂಗಿ ಅವಳಿಗೆ ಓದಿ ಹೇಳುವಳು. ಹಾಗೆ ಬಂದು, ಒಯ್ಯುವವರಿಲ್ಲದೆ ಮನೆಯಲ್ಲೇ ಉಳಿದದ್ದು ಬಾವಿಗೆ ಬಿದ್ದ ಹುಡುಗಿಯ ಕಥೆ. ಹುಡುಗಿ ಕಲ್ಲಿನ ಸಂದು ಹಿಡಿದು ಕೂಗುತ್ತಾಳೆ. ಅಲ್ಲಿಗೆ ಅಚ್ಚು ಮುಗಿದು, ಅಪ್ಪ ಹಚ್ಚಿದ ಖಾಲಿ ಹಾಳೆ.

“ಆಮೇಲೆ?” ಎಂದಳು ಅಕ್ಕ.

ತಂಗಿ ಖಾಲಿ ಹಾಳೆಯ ಮೇಲೆ ಬೆರಳಿಟ್ಟು ಓದತೊಡಗಿದಳು. ಒಂದು ದಿನ ಆಮೆ ಬಂದು ಮಾತಾಡಿಸಿತು. ಅಲ್ಲ, ಮೀನು ಎನ್ನುವವರೂ ಇದ್ದಾರೆ. ಇನ್ನೊಂದು ದಿನ ಬಳ್ಳಿ ಇಳಿಯಿತು.

“ಅವಳನ್ನ ಬಿಟ್ಟುಬಿಡ್ಬೇಡ ಕಣೇ. ಅವಳು ಮೇಲೆ ಬಂದ್ರೆ ನಾನೂ ಏಳ್ತೀನಿ.”

ಇಪ್ಪತ್ತು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಗೆಳತಿಯರು ಬೀದಿಯಿಂದ ಕೂಗಿದರು: “ಏನೇ ಮಹಾರಾಣಿ, ಆಟಕ್ಕೆ ಬರ್ತೀಯೋ, ಪಲ್ಲಕ್ಕಿ ಕಳಿಸ್ಬೇಕೋ?”

“ಆಮೇಲೆ?” ಎಂದಳು ಅಕ್ಕ.

“ಅಯ್ಯೋ, ಮುಳುಗಿ ಸತ್ತೋದ್ಲು ಕಣಕ್ಕ. ಮುಗೀತು.”

ಆಡಿ ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿದ್ದಳು. ಮತ್ತೆ ಏನೂ ಕೇಳಲಿಲ್ಲ. ನಾಲ್ಕನೆಯ ದಿನ ತೀರಿಕೊಂಡಳು.

ತಂಗಿ ಬೆಳೆದು ಕಥೆಗಾರ್ತಿಯಾದಳು. ಅವಳ ಕಥೆಗಳಲ್ಲಿ ಯಾರೂ ಸಾಯುವುದಿಲ್ಲ, ಯಾವುದೂ ಮುಗಿಯುವುದಿಲ್ಲ ಎಂದು ಓದಿದವರು ಗೊಣಗುವರು.

ಅಪ್ಪನ ಕಣ್ಣು ಹೋದ ಮೇಲೆ, ಅವನ ಕೆಲಸದ ಕೋಣೆ ತೆರವು ಮಾಡುವಾಗ ಆ ಪುಸ್ತಕ ಸಿಕ್ಕಿತು. ಬೆನ್ನು ಬಾಯಿಬಿಟ್ಟಿತ್ತು, ಒಳಗೆ ಅಚ್ಚಿನ ಸಾಲುಗಳು. ಒದ್ದೆ ಬಟ್ಟೆಯಿಂದ ನೆನೆಸಿ, ಪಟ್ಟಿಗಳನ್ನು ಬಿಡಿಸಿ, ಮೇಜಿನ ಮೇಲೆ ಜೋಡಿಸಿ, ತನಗರಿವಿಲ್ಲದೆಯೇ ಗಟ್ಟಿಯಾಗಿ ಓದಿದಳು. ಹಗ್ಗ ಇಳಿಯಿತು. ಹುಡುಗಿ ಅದನ್ನು ಸೊಂಟಕ್ಕೆ ಬಿಗಿದುಕೊಂಡಳು. ಮೇಲೆ ಬಂದು, ಮೊದಲು ನೀರು ಕೇಳಿದಳು.

“ಚೆನ್ನಾಗಿದೆ ಕಣಮ್ಮ,” ಎಂದ ಮೂಲೆಯಲ್ಲಿ ಕುಳಿತ ಅಪ್ಪ. “ಯಾವ ಪುಸ್ತಕದ್ದು?”

ಪಟ್ಟಿಗಳ ಮೇಲೆ ಅವನದೇ ಅಂಟುಬೆರಳಿನ ಗುರುತು.

“ನಾನೇ ಬರೆದದ್ದಪ್ಪ. ಹೊಸದು.”

“ನಿಮ್ಮಕ್ಕನಿಗೆ ಇಂಥ ಕಥೆ ಅಂದ್ರೆ ಪ್ರಾಣ,” ಎಂದ ಮುದುಕ. ಅವಳತ್ತ ಕಿವಿಯಿಟ್ಟು, “ಆಮೇಲೆ?” ಎಂದ.

ಅವಳು ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದು ಬೆರಳಿಟ್ಟಳು.