ಒರೆಸ್ಟ್‌ನ ಕುತ್ತಿಗೆಯ ಗಂಟು

ನನ್ನ ಗಂಡ ಒರೆಸ್ಟ್ ದನದ ಹರಾಜು ಕೂಗುವವನು. ಯಾರ್ಕ್‌ಟನ್ ಸುತ್ತಮುತ್ತ ದನ ಸಾಕುವವರಿಗೆಲ್ಲ ಅವನ ಮುಖಕ್ಕಿಂತ ಗಂಟಲಿನ ಪರಿಚಯ ಹೆಚ್ಚು. ಅದೇ ಹರಾಜುಕಟ್ಟೆಯ ಕ್ಯಾಂಟೀನಿನಲ್ಲಿ ನಾನು ಬೀಟ್‌ರೂಟ್ ಸೂಪು, ಆಲೂಗಡ್ಡೆ ತುಂಬಿದ ಪೆರೊಹಿ ಕಡುಬು ಮಾರುತ್ತೇನೆ. ಗೋಡೆಯಾಚೆ ಅವನ ಕೂಗು ಕೇಳುತ್ತಿದ್ದರೆ ನನ್ನ ಕೈ ತಾನಾಗಿ ಓಡುತ್ತದೆ.

ಹಿಮ ಕರಗುವ ಹೊತ್ತಿನಲ್ಲಿ ಒಂದು ಎಳೆ ಹೋರಿ ಬೆದರಿ ಗೇಟಿಗೆ ಗುದ್ದಿತು. ಗೇಟು ಹಾರಿ ಒರೆಸ್ಟ್‌ನ ಕುತ್ತಿಗೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೂಳೆಗೆ ಏನೂ ಆಗಿಲ್ಲ ಎಂದರು. ಕೋಟು ಹಾಕಿಕೊಂಡು ಹೊರಟಿದ್ದೆವು, ಅಷ್ಟರಲ್ಲಿ ಡಾಕ್ಟರು, "ಥೈರಾಯ್ಡ್‌ನಲ್ಲಿ ಒಂದು ಗಂಟು ಕಾಣ್ತಿದೆ" ಅಂದರು.

"ಗೇಟು ಬಡಿದು ಊದಿದ್ದಾ?" ಎಂದು ಕೇಳಿದೆ.

"ಅಲ್ಲ, ಮೊದಲಿಂದ್ಲೂ ಇದ್ದಿರಬೇಕು. ಎಷ್ಟೋ ಜನಕ್ಕಿರುತ್ತೆ. ಹೆಚ್ಚಿನವು ಏನೂ ಮಾಡಲ್ಲ."

"ಮತ್ಯಾಕೆ ಹೇಳಿದ್ರಿ?" ಅಂದ ಒರೆಸ್ಟ್. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದ.

ಮನೆಗೆ ಬಂದು ಕನ್ನಡಿ ಮುಂದೆ ನಿಂತು ಒತ್ತಿ ಒತ್ತಿ ನೋಡಿಕೊಂಡ. ಅವನಿಗೆ ಏನೂ ಸಿಗಲಿಲ್ಲ. ನನಗೆ ಸಿಕ್ಕಿತು ಅನಿಸಿತು. ಮಾರನೇ ದಿನ ಅದೇ ಜಾಗ ಮುಟ್ಟಿದರೆ ಇರಲಿಲ್ಲ.

ಅಲ್ಟ್ರಾಸೌಂಡಿನಲ್ಲಿ ಗಂಟು ದ್ರಾಕ್ಷಿ ಗಾತ್ರಕ್ಕಿಂತ ದೊಡ್ಡದಾಗಿ ಕಂಡಿತು. ಸೂಜಿ ಹಾಕಿ ಒಂದಿಷ್ಟು ಜೀವಕೋಶ ತೆಗೆದು ನೋಡಬೇಕೆಂದರು. ಆ ದಿನ ನನ್ನನ್ನೂ ಒಳಗೆ ಬಿಟ್ಟರು. ಪೆಲ್ಟಿಯೇ ಅಂತ ಡಾಕ್ಟರು, ಎತ್ತರದ ಹೆಂಗಸು, ಅವನ ಭುಜದ ಕೆಳಗೆ ದಿಂಬಿಟ್ಟು ತಲೆ ಹಿಂದಕ್ಕೆ ಬಾಗಿಸಿದರು. ಕುತ್ತಿಗೆಗೆ ತಣ್ಣನೆಯ ಜೆಲ್ ಸವರಿ, "ಸೂಜಿ ಒಳಗಿದ್ದಾಗ ಮಾತಾಡ್ಬೇಡಿ, ಎಂಜಲೂ ನುಂಗ್ಬೇಡಿ" ಅಂದರು.

"ಇವನ ಬಾಯಿ ಮುಚ್ಚಿಸೋಕೆ ಇಷ್ಟು ವರ್ಷದಿಂದ ನೋಡ್ತಿದ್ದೀನಿ ಡಾಕ್ಟ್ರೇ" ಅಂದೆ. ಅವರು ನಕ್ಕರು. ಒರೆಸ್ಟ್ ನಗಲಿಲ್ಲ.

ಅಲ್ಟ್ರಾಸೌಂಡ್ ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಕಪ್ಪು ಗುಂಡು ಮಿಡಿಯುತ್ತಿತ್ತು. ನಾನು ಬೆರಳು ತೋರಿಸಿದೆ. "ಅದು ಬಡ್ಕೊಳ್ತಿದೆಯಲ್ಲ!"

"ಅದು ರಕ್ತನಾಳ. ಗಂಟು ಅದರ ಪಕ್ಕದ್ದು, ಈ ಮಸುಕಾಗಿರೋದು."

ಅಷ್ಟು ಹೊತ್ತು ನಾನು ಬೇರೆಯದಕ್ಕೇ ಹೆದರುತ್ತ ಕೂತಿದ್ದೆ. ಆ ಜಾಗ ಮರಗಟ್ಟುವ ಚುಚ್ಚುಮದ್ದು ಕೊಟ್ಟ ಮೇಲೆ ಸೂಜಿ ಇಳಿಯಿತು. ಪರದೆಯಲ್ಲಿ ಬೆಳ್ಳಿ ನೂಲಿನಂತೆ ಓರೆಯಾಗಿ ಬಂದು ಗಂಟಿನ ಒಳಗೆ ಹೊಕ್ಕಿತು. ಡಾಕ್ಟರ ಕಣ್ಣು ಅವನ ಕುತ್ತಿಗೆ ಬಿಟ್ಟು ಪರದೆ ಮೇಲೇ ಇತ್ತು. ಬೇರೆ ಬೇರೆ ಮೂಲೆಯಿಂದ ಕೆಲವು ಸಲ ತೆಗೆದರು. ಒರೆಸ್ಟ್ ನನ್ನ ಬೆರಳು ಹಿಂಡುತ್ತಿದ್ದ. ಕೊನೆಗೆ ಒಂದು ಸಣ್ಣ ಪಟ್ಟಿ ಅಂಟಿಸಿ ಕಳಿಸಿದರು. ಕಾರಿನಲ್ಲಿ, "ನೋವಾಯ್ತಾ?" ಎಂದರೆ, "ನೋವಿಲ್ಲ, ಲ್ಯೂಬಾ. ಎಂಜಲು ನುಂಗ್ಬೇಡಿ ಅಂದ್ರಲ್ಲ, ಅದೇ ಕಷ್ಟ" ಅಂದ.

ಫಲಿತಾಂಶ ಹೇಳಿದ್ದು ಶಸ್ತ್ರಚಿಕಿತ್ಸೆಯ ಡಾಕ್ಟರು, ಒಗ್ಬೊನ್ನಾ ಎಂಬ ಮೆಲುದನಿಯ ಮನುಷ್ಯ. "ಕ್ಯಾನ್ಸರ್ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ."

"ಸರಿಯಾಗಿ ನೋಡಿದ್ರಾ?" ಅಂದೆ.

"ನೋಡಿದ್ದಾರೆ. ಸೂಜಿಗೆ ಒಳಗಿನ ತಿರುಳು ಸಿಗುತ್ತೆ, ಸಿಪ್ಪೆ ಸಿಗಲ್ಲ. ಈ ಜಾತಿಯ ಗಂಟು ಸಿಪ್ಪೆ ದಾಟಿ ಹೊರಗೆ ಹೋಗಿದ್ರೆ ಕೆಟ್ಟದ್ದು. ಅದು ಗೊತ್ತಾಗ್ಬೇಕಂದ್ರೆ ಗ್ರಂಥಿಯ ಅರ್ಧ ಭಾಗ ತೆಗೆದೇ ನೋಡ್ಬೇಕು. ಕೆಟ್ಟದ್ದಲ್ಲದಿರೋ ಸಾಧ್ಯತೆನೇ ಜಾಸ್ತಿ. ಆಗಾಗ ಪರೀಕ್ಷೆ ಮಾಡ್ತಾ ಕಾಯೋದೂ ಒಂದು ದಾರಿ."

"ನನ್ನ ದನಿ?" ಒರೆಸ್ಟ್ ಕೇಳಿದ.

"ದನಿಯ ನರ ಪಕ್ಕದಲ್ಲೇ ಹೋಗುತ್ತೆ. ಸಾಮಾನ್ಯವಾಗಿ ಏನೂ ಆಗಲ್ಲ. ಮಾತು ಕೊಡೋಕೆ ಮಾತ್ರ ಆಗಲ್ಲ."

"ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ನಾನು ಹರಾಜು ಕೂಗಲ್ಲ" ಅಂದರು ಒಗ್ಬೊನ್ನಾ.

ಅಲ್ಲಿಂದ ಮನೆಯಲ್ಲಿ ಯಾವ ಮಾತೂ ಒಂದು ಕಡೆ ನಿಲ್ಲಲಿಲ್ಲ. ರೆಜೈನಾದಲ್ಲಿರುವ ಮಗಳು ತಮಾರಾ ಫೋನಿನಲ್ಲಿ, "ತೆಗೆಸಿಬಿಡು ಅಪ್ಪಾ, ಯೋಚನೆ ಯಾಕೆ?" ಅನ್ನುತ್ತಿದ್ದಳು. ಒರೆಸ್ಟ್‌ನ ತಮ್ಮ ಮೈರನ್ ಬಂದು ಕೂತರೆ, "ಸುಮ್ನಿರೋ ಗಂಟಿಗೆ ಕತ್ತಿ ಹಾಕಿಸ್ತೀಯಾ, ಮಂಕೇ?" ಅನ್ನುತ್ತಿದ್ದ. ಅವಳು ಹೇಳಿದಾಗ ಅವಳದೇ ಸರಿ ಅನಿಸುತ್ತಿತ್ತು, ಇವನು ಹೇಳಿದಾಗ ಇವನದು. ಒರೆಸ್ಟ್ ಬೆಳಿಗ್ಗೆ ತೆಗೆಸುತ್ತೇನೆ ಅಂದವನು ಊಟದ ಹೊತ್ತಿಗೆ ಕಾಯುತ್ತೇನೆ ಅನ್ನುತ್ತಿದ್ದ. ನಾನು ತೆಗೆಸು ಅಂದು ದನಿ ಹೋದರೆ? ಬೇಡ ಅಂದು ಅವನೇ ಹೋದರೆ? ಅವನು ಕೇಳಿದಾಗಲೆಲ್ಲ ಪಾತ್ರೆ ಉಜ್ಜುತ್ತ, "ನಿನ್ನಿಷ್ಟ" ಅಂದೆ. ಅದಕ್ಕೆ ಅವನಿಗೆ ಸಿಟ್ಟು ಬರುತ್ತಿತ್ತು.

ಒಂದು ಬುಧವಾರ ಗೋಡೆಯಾಚೆಯ ಕೂಗು ನಿಂತುಹೋಯಿತು. ಸೌಟು ಹಿಡಿದೇ ಓಡಿದೆ. ಒರೆಸ್ಟ್ ಮೈಕು ಹಿಡಿದು ನಿಂತಿದ್ದ; ಕಣದಲ್ಲಿ ಕರುಗಳು ಸುತ್ತುತ್ತಿದ್ದವು. ಕೊನೆಯ ಬೆಲೆಗೆ ಕೈ ಎತ್ತಿದ್ದು ಯಾರೆಂದು ಮರೆತಿದ್ದ. "ಯಾರಪ್ಪಾ ಕೇಳಿದ್ದು?" ಅಂದ. ಇಡೀ ಕಟ್ಟೆ ನಕ್ಕಿತು. ಅವನೂ ನಗಲು ನೋಡಿದ, ಆಗಲಿಲ್ಲ.

ಮನೆಗೆ ಬಂದು ಬೂಟು ಬಿಚ್ಚುತ್ತ, "ಗಂಟು ಕುತ್ತಿಗೆಯಲ್ಲಿಲ್ಲ ಲ್ಯೂಬಾ, ತಲೆಗೆ ಹತ್ತಿದೆ. ತೆಗೆಸ್ತೀನಿ" ಅಂದ. ಈ ಸಲ ನಾನೂ, "ಹೂಂ, ತೆಗೆಸು" ಅಂದೆ. ಅಂದ ಕೂಡಲೇ ಹೆದರಿದೆ.

ಅರ್ಧ ಗ್ರಂಥಿ ತೆಗೆದರು. ಗಂಟು ಸಿಪ್ಪೆ ದಾಟಿರಲಿಲ್ಲ. ಕ್ಯಾನ್ಸರ್ ಇರಲಿಲ್ಲ! ತಮಾರಾ ಫೋನಿನಲ್ಲಿ ಕಿರುಚಿದಳು, ಮೈರನ್ ಕೇಕು ತಂದ. ಒರೆಸ್ಟ್‌ನ ದನಿ ಮಾತ್ರ ಕೂತುಹೋಗಿತ್ತು. ಅವನು ಒಗ್ಬೊನ್ನಾರನ್ನು ಪಿಸುದನಿಯಲ್ಲಿ ಕೇಳಿದ: "ಹಾಗಾದ್ರೆ ತೆಗೀಬೇಕಾಗಿರ್ಲಿಲ್ಲ ಅಲ್ವಾ?"

"ತೆಗೆಯದೆ ಅದು ಗೊತ್ತಾಗ್ತಿರ್ಲಿಲ್ಲ."

ದನಿ ಮುಂದಿನ ಬೇಸಿಗೆಯ ಹೊತ್ತಿಗೆ ಮರಳಿತು, ಆದರೆ ಪೂರ್ತಿಯಲ್ಲ. ಹೆಚ್ಚು ಹೊತ್ತು ಕೂಗಿದರೆ ಒಡೆಯುತ್ತದೆ. ಈಗ ಮೆಲ್‌ವಿಲ್ ಕಡೆಯ ಒಬ್ಬಳು ಅರ್ಧ ಹರಾಜು ಕೂಗುತ್ತಾಳೆ, ಚೆನ್ನಾಗೇ ಕೂಗುತ್ತಾಳೆ. ಆ ಹೊತ್ತಿನಲ್ಲಿ ಒರೆಸ್ಟ್ ಕ್ಯಾಂಟೀನಿಗೆ ಬಂದು ನನ್ನೆದುರು ಕೂರುತ್ತಾನೆ. ಇಷ್ಟು ವರ್ಷದಲ್ಲಿ ಹಾಗೆ ಕೂತವನೇ ಅಲ್ಲ.

"ನಾವು ಮಾಡಿದ್ದು ಸರಿನಾ?" ಎಂದು ಮೊನ್ನೆ ಕೇಳಿದ.

"ಗೊತ್ತಿಲ್ಲ ಕಣೋ" ಅಂದೆ.

"ನಂಗೂ ಗೊತ್ತಿಲ್ಲ" ಅಂದು ತಟ್ಟೆ ಮುಂದೆ ತಳ್ಳಿದ. ನಾನು ಇನ್ನಷ್ಟು ಪೆರೊಹಿ ಬಡಿಸಿ, ಮೇಲೆ ಹುರಿದ ಈರುಳ್ಳಿ ಹಾಕಿದೆ.