ತಿರುಗಿಸಿಟ್ಟ ಬಿಲ್ಲೆ

ಯಾರಾದರೂ "ಥರ್ಜಾ!" ಎಂದು ಕೂಗಿದರೆ, ಪಬ್ಬಿನ ಕಟ್ಟೆಯ ಹಿಂದೆ ನಿಂತು ಬಿಯರ್ ಬಡಿಸುವ ಥರ್ಜಾ ಮೌನ್ಸಿ "ಬಂದೆ" ಅನ್ನುತ್ತಿದ್ದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಕೂಗಿದವನಿಗೆ ಬೇಕಾಗಿದ್ದದ್ದು ಅವಳಲ್ಲ, ಅದೇ ಹೆಸರಿನ ಬಿಯರ್. ಪಬ್ಬಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಸ್ಕೇಲ್‌ಬೆಕ್ ಕಣಿವೆಯಲ್ಲಿ ಈ ತಮಾಷೆಗೆ ಅವಳ ಮದುವೆಯಷ್ಟೇ ವಯಸ್ಸು. ಮದುವೆ ಮುರಿದುಬಿತ್ತು, ತಮಾಷೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಬಿಯರ್ ಮಾಡುತ್ತಿದ್ದವನು ಅವಳ ಮಾವ ಐಸಾಕ್, ಪಬ್ಬಿನ ಹಿಂದಿನ ಕಲ್ಲಿನ ಕೊಟ್ಟಿಗೆಯಲ್ಲಿ. ಮಗ ಜೋಸ್ ಇವಳನ್ನು ಕೈಹಿಡಿದ ವರ್ಷ, ಆ ಖುಷಿಯಲ್ಲಿ, ತನ್ನ ಹೊಂಬಣ್ಣದ ಹೊಸ ಬಿಯರಿಗೆ ಸೊಸೆಯ ಹೆಸರಿಟ್ಟ. ಬಿಯರ್ ನಲ್ಲಿಯ ಹಿಡಿಗೆ ತೂಗುಹಾಕುವ ಮರದ ಬಿಲ್ಲೆಯ ಮೇಲೆ ಅವಳ ಮುಖವನ್ನೂ ಬರೆಸಿದ. ಚಿತ್ರಗಾರನ ಮುಂದೆ ಕೂತ ದಿನ ಬಿಯರಿಗೆ ಹಾಕುವ ಮಾಲ್ಟಿನ ಪುಡಿ ಮೂಗಿಗೆ ಹೋಗಿ ಅವಳಿಗೆ ಇನ್ನೇನು ಸೀನು ಬರುವುದರಲ್ಲಿತ್ತು. ಆತ ಅದನ್ನೇ ನಗು ಎಂದುಕೊಂಡು ಬರೆದ. ಈಗ ಗುಡ್ಡ ಇಳಿದು ಬರುವ ಪ್ರವಾಸಿಗರು ಬಿಲ್ಲೆ ನೋಡುತ್ತಾರೆ, ಅವಳನ್ನು ನೋಡುತ್ತಾರೆ, ಮತ್ತೆ ಬಿಲ್ಲೆ ನೋಡುತ್ತಾರೆ. "ನೀವೇನಾ? ಒಂದ್ಸಲ ನಕ್ಕು ತೋರ್ಸಿ!"

ಜೋಸ್ ಇನ್ನೊಬ್ಬಳ ಜೊತೆ ಸ್ಪೇನಿಗೆ ಹೋಗಿ ಎರಡು ವರ್ಷವಾಗಿತ್ತು. ಅವನ ಹೆಸರನ್ನು ಯಾರೂ ಯಾವ ಬಿಯರಿಗೂ ಇಟ್ಟಿರಲಿಲ್ಲ. ಅವನು ಸಲೀಸಾಗಿ ಹೋದ.

ಆ ಗುರುವಾರ ಥರ್ಜಾ ಹೇಳಿಯೇಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ಮೇರಿಪೋರ್ಟ್ ಬಂದರಿನಲ್ಲಿ ದೋಣಿಯ ಹಾಯಿ ಹೊಲಿಸುವ ಒಬ್ಬಾಕೆ ಅವಳನ್ನು ಕೆಲಸಕ್ಕೆ ಕರೆದಿದ್ದಳು, ಸೋಮವಾರ ಬಾ ಎಂದು. ಮಾವನಿಗೆ ಹೇಳುವುದೊಂದೇ ಬಾಕಿ. ಮಾವ ನೆಲಮಾಳಿಗೆಯಲ್ಲಿ ಪೀಪಾಯಿ ಹೊರಳಿಸುತ್ತಿದ್ದ. ಕಟ್ಟೆಗೆ ಆತುಕೊಂಡು ಕುರಿ ಸಾಕುವ ಲ್ಯಾಂಟಿಯೂ ಅಂಚೆ ಹಂಚುವ ಬೆರಿಲ್ಲೂ ಗ್ಲಾಸು ಹಿಡಿದಿದ್ದರು.

"ಥರ್ಜಾ ಈ ವಾರ ಯಾಕೋ ಕಹಿ ಕಣೇ," ಅಂದ ಲ್ಯಾಂಟಿ.

"ವಯಸ್ಸಾಯ್ತಲ್ಲೋ," ಅಂದಳು ಬೆರಿಲ್. "ಆದ್ರೂ ಮೈಕೈ ತುಂಬ್ಕೊಂಡೇ ಇದಾಳೆ."

"ನಾನು ಇಲ್ಲೇ ನಿಂತಿದೀನಿ," ಅಂದಳು ಥರ್ಜಾ.

"ನಿನ್ನ ಮಾತಲ್ಲ ಮಾರಾಯ್ತಿ! ಎಲ್ಲಾನೂ ಮೈಮೇಲೆ ಎಳ್ಕೊಳ್ತೀಯಲ್ಲ!"

"ಬೆರಿಲ್, ನಾನು ಊರು ಬಿಡ್ತಾ ಇದೀನಿ."

"ಥರ್ಜಾ ಊರು ಬಿಟ್ಟು ಯಾವ ಕಾಲ ಆಯ್ತು!" ಲ್ಯಾಂಟಿ ಬಾಯಿ ಹಾಕಿದ. "ಕೆಸ್ವಿಕ್‌ನಲ್ಲೂ ಸಿಕ್ತಾಳೆ, ಕಾರ್ಲೈಲ್‌ನಲ್ಲೂ ಸಿಕ್ತಾಳೆ. ಕೈಗೆ ಸಿಗದೆ ಇರೋಳು ಇವಳೊಬ್ಬಳೇ!"

ನಗು ಎದ್ದಿತು. ಆ ನಗುವಿನ ನಡುವೆ ಥರ್ಜಾ ಕೈಚಾಚಿ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟಳು. ಪೀಪಾಯಿ ಬರಿದಾದಾಗ ಮಾಡುವ ಕೆಲಸ ಅದು. ಬಿಲ್ಲೆಯ ಬೆನ್ನು ಕಂಡರೆ ಗಿರಾಕಿಗಳು ಆ ಬಿಯರ್ ಕೇಳುವುದಿಲ್ಲ. ಈಗ ಅವರಿಗೆ ಬರೀ ಮರ ಕಾಣುತ್ತಿತ್ತು. ಇತ್ತ, ಕಟ್ಟೆಯ ಒಳಗಡೆ, ಚಿತ್ರದೊಳಗಿನ ಇಪ್ಪತ್ತೆರಡರ ಹುಡುಗಿ ಥರ್ಜಾಳನ್ನೇ ನೋಡಿ ನಗುತ್ತಿದ್ದಳು.

"ಖಾಲಿಯಾದ್ಲಾ?" ಲ್ಯಾಂಟಿಯ ದನಿ ಸಣ್ಣಗಾಯಿತು.

"ಯಾರದು ತಿರುಗ್ಸಿದ್ದು?" ಐಸಾಕ್ ಮಂಡಿ ಹಿಡಿದುಕೊಂಡು ಮೆಟ್ಟಿಲೇರಿ ಬಂದ. "ಬೆಳಿಗ್ಗೆ ತಾನೆ ಹೊಸ ಪೀಪಾಯಿ ಹಚ್ಚಿದೀನಿ."

"ನಾನೇ ಮಾವ." ಥರ್ಜಾ ಒಂದೇ ಉಸಿರಿಗೆ ಅಂದಳು, "ಸೋಮವಾರದಿಂದ ಮೇರಿಪೋರ್ಟಲ್ಲಿ ಕೆಲಸ. ಹಾಯಿ ಹೊಲಿಯೋದು. ಅಲ್ಲೇ ಇರ್ತೀನಿ."

ಅವನು ಕೂಗಾಡುತ್ತಾನೆ, ಮಂಡಿನೋವಿನ ಮಾತು ತೆಗೆಯುತ್ತಾನೆ, ಜೋಸ್‌ನನ್ನು ಎಳೆದು ತರುತ್ತಾನೆ ಎಂದುಕೊಂಡು ಒಂದೊಂದಕ್ಕೂ ಅವಳು ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಅವನು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ.

"ಹೋಗು ಮಗಳೇ. ಅವನೇ ಇಲ್ಲಿಲ್ಲ, ನೀನ್ಯಾಕಿರ್ಬೇಕು? ಬೇಡ ಅನ್ನೋಕೆ ನಾನ್ಯಾರು?"

ಥರ್ಜಾಳ ಕಣ್ಣು ತುಂಬಿತು. ಅವನ ಮಾತು ಕೊಟ್ಟ ಧೈರ್ಯದಲ್ಲಿ ಇನ್ನೊಂದು ಕೇಳಿದಳು. "ಹೆಸರು ಬದಲಾಯ್ಸ್ತೀರಾ ಮಾವ?"

"ಯಾವುದ್ರ ಹೆಸರು?"

ನಿಜವಾಗಿಯೂ ಅವನಿಗೆ ಹೊಳೆಯಲಿಲ್ಲ. ಹೊಳೆದಾಗ ಮುಖ ಬಿಳಿಚಿತು. "ಅದೊಂದು ಬಿಟ್ರೆ ಇಲ್ಲಿ ಇನ್ನೇನಿದೆ ಹೇಳು? ಜನ ಅದನ್ನ ಕೇಳ್ಕೊಂಡೇ ಬರೋದು." ಮಗುವಿನ ಗಲ್ಲ ಹಿಡಿದು ತಿರುಗಿಸಿದ ಹಾಗೆ, ಮೆಲ್ಲಗೆ, ಅವನು ಬಿಲ್ಲೆಯನ್ನು ಮತ್ತೆ ಹೊರಕ್ಕೆ ತಿರುಗಿಸಿದ.

"ನೀನು ಹೋಗು. ಅವಳು ಇರ್ಲಿ."

ಮೇರಿಪೋರ್ಟಿನಲ್ಲಿ ಗಾಳಿಗೆ ಉಪ್ಪಿನ ರುಚಿ. ದಪ್ಪ ಬಟ್ಟೆಗೆ ಸೂಜಿ ನೂಕಿ ನೂಕಿ ಅಂಗೈ ಬಾತುಕೊಂಡಿತು. ಆ ನೋವು ಅವಳಿಗೆ ಹಿತವಾಗಿತ್ತು, ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಒಡತಿ ಡೆನ್ವುಡ್‌ಗೆ ಅವಳು, "ನೋರಾ ಅಂತ ಕರೀರಿ, ಅದೂ ನನ್ನ ಹೆಸರೇ," ಅಂದಿದ್ದಳು. ಅಜ್ಜಿಯೊಬ್ಬಳನ್ನು ಬಿಟ್ಟರೆ ಆ ಹೆಸರಿನಿಂದ ಕರೆದವರಿಲ್ಲ. ಹಾಗಾಗಿ ಪ್ರತಿ ಸಲವೂ ಎರಡೆರಡು ಬಾರಿ ಕೂಗಬೇಕಾಗುತ್ತಿತ್ತು.

"ಕಿವಿ ಮಂದಾನೇನೇ ನೋರಾ?"

"ಗಾಳಿ ಜೋರು ಅಲ್ವಾ ಅಮ್ಮ."

ಶುಕ್ರವಾರ ಕೆಲಸ ಮುಗಿದ ಮೇಲೆ ಎಲ್ಲರೂ ಸೇರಿ ಅವಳನ್ನು ಬಂದರಿನ ಪಬ್ಬಿಗೆ ಎಳೆದೊಯ್ದರು. ಬಾಗಿಲಲ್ಲೇ ಅವಳ ಕಣ್ಣು ನಲ್ಲಿಗಳ ಮೇಲೆ ಓಡಿತು. ಒಂದರ ಬಿಲ್ಲೆಯ ಮೇಲೆ ದೋಣಿ, ಇನ್ನೊಂದರ ಮೇಲೆ ಟಗರು. ಕೊನೆಯದು ಬೆನ್ನು ತಿರುಗಿಸಿದ ಬರೀ ಮರ. ಯಾವುದೋ ಮುಗಿದಿದೆ, ತನಗೇನು? ಹೆಗಲು ಹಗುರವಾಯಿತು. ಟಗರಿನ ಬಿಯರನ್ನೇ ಹೇಳಿ, ಕಟ್ಟೆಗೆ ಬೆನ್ನು ಹಾಕಿ, ಕಿಟಕಿಯಾಚೆ ನೀರು ಇಳಿದು ಕೆಸರಿನಲ್ಲಿ ಕೂತ ದೋಣಿಗಳನ್ನು ನೋಡುತ್ತಾ ಕುಳಿತಳು. ಡೆನ್ವುಡ್ ಏನೋ ಪೋಲಿ ಜೋಕು ಹೇಳಿದಳು. ಎಷ್ಟೋ ದಿನದ ಮೇಲೆ ಅವಳಿಗೆ ನಗು ತಾನಾಗಿ ಬಂತು.

ಹಿಂದೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಲ್ಲಿ ಬುಸುಗುಟ್ಟಿ ನೊರೆ ಉಗುಳಿತು. ಪಬ್ಬಿನವನು ಹೊಸ ಪೀಪಾಯಿ ಹಚ್ಚಿ ಇಡೀ ಕೋಣೆಗೆ ಕೇಳುವಂತೆ ಕೂಗಿದ.

"ಥರ್ಜಾ!"

"ಬಂದೆ," ಅಂದಳು ನೋರಾ, ಕುರ್ಚಿಯಿಂದ ಅರ್ಧ ಎದ್ದು.

ಡೆನ್ವುಡ್ ಅವಳ ಮುಖ ನೋಡಿದಳು, ಅವಳ ಹೆಗಲಾಚೆ ಇಣುಕಿ ನಲ್ಲಿಯ ಮೇಲೆ ಈಗ ಮುಖ ತಿರುಗಿಸಿದ್ದ ಬಿಲ್ಲೆಯನ್ನು ನೋಡಿದಳು, ಮತ್ತೆ ಅವಳ ಮುಖ ನೋಡಿದಳು.

"ಅಯ್ಯೋ ನಿನ್ನ! ಎಲ್ಲಿ, ಒಂದ್ಸಲ ನಗು ನೋಡೋಣ!"

ಥರ್ಜಾಳ ಮೂಗಿನ ತುದಿ ಉರಿಯಿತು, ಇನ್ನೇನು ಸೀನು ಬರುವ ಹಾಗೆ.