ನಾರುವ ಬೆಂಜಮಿನ್, ಸಿಹಿ ಬಿಳಿ

ಕಳೆದ ಚಳಿಗಾಲದ ಜ್ವರ ನನ್ನ ಹೆಂಡತಿ ಡೆಲ್ಫಾಳ ಮೂಗನ್ನು ತಿಂದುಹಾಕಿತು. ಒಲೆಯ ಮೇಲೆ ಬೀನ್ಸ್ ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಈ ವಿಷಯ ನಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ಸ್ಮೋಕಿ ಬೆಟ್ಟದ ನಮ್ಮ ಕಣಿವೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಕಾಡುಹೂಗಳನ್ನು ಮೂಸಿ ಹೆಸರು ಹೇಳುತ್ತಾ ಸುತ್ತುವ ಹೂನಡಿಗೆಗೆ ಮುಂದಾಳು ಅವಳೇ. ಮುಂದಾಳಿನ ಹಿಕರಿ ಮರದ ಕೋಲು ಅವಳ ಕೈಯಲ್ಲೇ ಇರಬೇಕು, ಕೊನೆಯ ಮಾತು ಅವಳದ್ದೇ ಆಗಬೇಕು.

"ಇವತ್ತು ತಪ್ಪು ಹೇಳಿದ್ರೆ ಕೋಲು ನಿನ್ನ ತಂಗಿ ಅರ್ವೆಲಾಗೆ ಕೊಟ್ಬಿಡ್ತೀನಿ, ಹೋಬರ್ಟ್," ಎಂದಳು ಬೂಟಿನ ದಾರ ಬಿಗಿಯುತ್ತಾ.

"ತಲೆ ಕೆಟ್ಟಿದೆಯಾ ನಿಂಗೆ? ಅವಳ ಕೈಗೆ ಕೋಲು ಕೊಟ್ರೆ ಊರನ್ನೇ ಕುಣಿಸ್ತಾಳೆ. ನಾನು ಹೂ ಮೂಸಿ ಹೇಳ್ತೀನಿ. ಬಲಗಿವಿ ಕೆರೆದ್ರೆ ಬೆಂಜಮಿನ್, ಎಡಗಿವಿ ಕೆರೆದ್ರೆ ಸಿಹಿ ಬಿಳಿ."

"ಥೂ ಕಳ್ಳ," ಎಂದು ನಕ್ಕಳು. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಬೆಂಜಮಿನ್, ಸಿಹಿ ಬಿಳಿ ಎರಡೂ ಟ್ರಿಲಿಯಂ ಎಂಬ ಕಾಡುಹೂವಿನ ಜಾತಿಗಳು, ಅವುಗಳ ಹಣೆಬರಹವೇ ಅಷ್ಟು. ಎಲ್ಲಕ್ಕೂ ಮೂರೆಲೆ, ಮೂರು ದಳ. ನಾರುವ ಬೆಂಜಮಿನ್ ಕೆಂಪಗಿರಬೇಕಾದವನು, ಒಮ್ಮೊಮ್ಮೆ ಬೆಳ್ಳಗೂ ಅರಳುತ್ತಾನೆ. ಆಗ ಅವನ ದಾಯಾದಿ ಸಿಹಿ ಬಿಳಿ ಯಾವುದು, ಅವನು ಯಾವುದು ಎಂದು ಎಂಥವರೂ ತಬ್ಬಿಬ್ಬಾಗುತ್ತಾರೆ. ಅದಕ್ಕೇ ನಮ್ಮವರು ಮೂಗನ್ನೇ ನಂಬುವುದು. ಬೆಂಜಮಿನ್‌ನದು ಒದ್ದೆ ನಾಯಿಯ ನಾತ, ಸಿಹಿ ಬಿಳಿಯದು ಹಸಿರು ಸೇಬಿನ ವಾಸನೆ. ಹೂವನ್ನು ಕೀಳುವಂತಿಲ್ಲ, ನೆಲಕ್ಕೆ ಹೊಟ್ಟೆಯೂರಿ ಮಲಗಿ ಮೂಸಬೇಕು. ತಪ್ಪು ಹೇಳಿದವರಿಗೆ ಊಟದ ಪಾತ್ರೆ ತೊಳೆಯುವ ಶಿಕ್ಷೆ.

ಹಳ್ಳ ದಾಟಿ ಮೇಲೇರಿದರೆ ಒಂದು ದೊಡ್ಡ ಬಿಳಿ ಹೂ. ಅರ್ವೆಲಾ ಎಲ್ಲರಿಗಿಂತ ಮೊದಲು ಧೊಪ್ಪನೆ ಮಲಗಿ ಮೂಸಿದಳು.

"ಅಯ್ಯಪ್ಪಾ, ನಾಯಿ! ಬೆಂಜಮಿನ್ನೇ ಕಣ್ರೋ!"

ಎಲ್ಲರೂ ಮೂಸಿ ಹೌದೆಂದರು. ನಾನೂ ಮೂಸಿದೆ. ಗಬ್ಬು ನಾತ. ಎದ್ದು ನಿಂತು ಬಲಗಿವಿಯನ್ನು ಕೆರೆದೆ, ಚರ್ಮ ಕಿತ್ತು ಬರುವಷ್ಟು ಕೆರೆದೆ.

ಡೆಲ್ಫಾ ನನ್ನನ್ನು ನೋಡಿದಳು. ಆಮೇಲೆ ಮಲಗಿ ಕನ್ನಡಕ ಸರಿಮಾಡಿಕೊಂಡು ದಳಗಳ ಬುಡವನ್ನು ನೋಡಿದಳು. ನೋಡಿದಳು, ನೋಡೇ ನೋಡಿದಳು.

"ಸಿಹಿ ಬಿಳಿ," ಎಂದಳು.

ಹೋಯಿತು ಕೋಲು!

"ಅತ್ತಿಗೆ, ಸರಿಯಾಗಿ ಮೂಸು," ಎಂದು ಅರ್ವೆಲಾ ಕಿಸಿಕ್ಕನೆ ನಕ್ಕಳು.

"ಮೂಸೋದೇನು ಬಂತು, ನೋಡೇ ಇಲ್ಲಿ. ಬೆಂಜಮಿನ್ ದಳ ಸಣ್ಣ, ನಡುವೆ ಸಂದು ಬಿಟ್ಟು ಚಪ್ಪಟೆ ಬಿದ್ಕೊಂಡಿರತ್ತೆ. ಇದರ ದಳ ಅಗಲ, ಒಂದರ ಮೇಲೊಂದು ಕೂತು ಬಟ್ಟಲಾಗಿದೆ. ಈ ಹೂವಲ್ಲಿ ನಾಯಿ ಇಲ್ಲ. ನಿನ್ನ ನಾಯಿ ಎಲ್ಲೇ?"

ಎಲ್ಲರೂ ತಿರುಗಿದೆವು. ಹೂವಿನ ಹಿಂದಿನ ಪೊದೆಯಲ್ಲಿ ಅರ್ವೆಲಾಳ ಬೇಟೆನಾಯಿ ಡೀಕನ್, ಹಳ್ಳದಲ್ಲಿ ಮುಳುಗೆದ್ದು ಬಂದು, ತೊಪ್ಪೆಯಾಗಿ ಮಲಗಿದ್ದ. ಗಾಳಿಯೂ ಅವನ ಕಡೆಯಿಂದಲೇ. ಅವನನ್ನು ಎಳೆದೊಯ್ದು ದೂರ ಕಟ್ಟಿ ಮತ್ತೆ ಮೂಸಿದರೆ, ಸೇಬು! ಅಪ್ಪಟ ಹಸಿರು ಸೇಬು!

"ಅತ್ತಿಗೆ, ಆ ನಾತ ನಿಂಗೆ ಹೊಡೀಲೇ ಇಲ್ವಾ?"

"ನಂಗೆ ಯಾವ ನಾತವೂ ಹೊಡೆಯಲ್ಲ ಕಣೆ. ಚಳಿಗಾಲದಿಂದ ಮೂಗೇ ಸತ್ತಿದೆ," ಎಂದು ಡೆಲ್ಫಾ ಎಲ್ಲರೆದುರೇ ಹೇಳಿಬಿಟ್ಟಳು.

ಅರ್ವೆಲಾ ನೆಲದ ಮೇಲಿದ್ದ ಕೋಲನ್ನೆತ್ತಿದಳು, ಎತ್ತಿ ನನ್ನವಳ ಕೈಗೇ ತುರುಕಿದಳು. "ಹಿಡ್ಕೋ ಮಾರಾಯ್ತಿ. ಮೂಗಿದ್ದೋರೆಲ್ಲ ಇವತ್ತು ನಾಯಿಪಾಲಾದ್ವಿ." ನಗು ಕಣಿವೆಯ ಆಚೆಗೂ ಕೇಳಿಸಿರಬೇಕು. ನನಗಂತೂ ಸಂತೋಷಕ್ಕೆ ಕಣ್ಣೇ ತುಂಬಿ ಬಂತು.

ಕಾರ್ನ್‌ಬ್ರೆಡ್ ಊಟ ಮುಗಿದ ಮೇಲೆ ತಪ್ಪು ಹೇಳಿದವರೆಲ್ಲ ಹಳ್ಳದಲ್ಲಿ ಪಾತ್ರೆ ತಿಕ್ಕಲು ಕೂತೆವು, ಅಣ್ಣ ತಂಗಿ ಅಕ್ಕಪಕ್ಕ. ಡೆಲ್ಫಾ ಕೋಲೂರಿಕೊಂಡು ಬಂದು ನಮ್ಮ ತಲೆಯ ಮೇಲೇ ನಿಂತಳು.

"ಹೋಬರ್ಟ್, ಮನೆಗೆ ಹೋದ್ಮೇಲೆ ಆ ಬಲಗಿವಿಗೆ ಏನಾದ್ರೂ ಹಚ್ಕೋ. ಡೀಕನ್ ಮೈಯ ಚಿಗಟ ಹತ್ತಿರಬೇಕು."